ಇಂಗ್ಲೀಷ್ ತಮಟೆ

"ಮುರೀತೀನಿ ಕಣ್ಲಾ! ಎರಡು ಕಡ್ಡೀನೂ ಮುರುದು ಒಲೆಗೆ ಆಕ್ತೀನಿ! ಬಾರಿಸೋ ಕಡ್ಡಿ ನನ್ನ ಮಗನ ಚೀಲಕ್ಕೆ ಯಾಕ್ಲಾ ಬಂತು?"

"ಮುರೀಬ್ಯಾಡ ಕಣಪ್ಪ. ಅದು ನಂದಲ್ಲ, ಇಸ್ಕೂಲಿಂದು."

"ಇಸ್ಕೂಲಿಂದಂತೆ! ಇಸ್ಕೂಲಾಗೆ ಪುಸ್ತಕ ಕೊಡ್ತಾರೆ, ಬುದ್ಧಿ ಕೊಡ್ತಾರೆ ಅಂತ ಕಳಿಸ್ದೆ. ಕಡ್ಡಿ ಕೊಡ್ತಾರೆ ಅಂತ ಗೊತ್ತಿದ್ರೆ ಇಲ್ಲೇ ಮಡಿಕೊಳ್ತಿದ್ನಲ್ಲೋ. ನಮ್ಮನೇಲಿ ಕಡ್ಡಿಗೇನು ಬರ ಬಂದಿತ್ತಾ?"

ದ್ಯಾವಯ್ಯ ಕಡ್ಡಿಗಳನ್ನು ಮೊಣಕಾಲಿಗೆ ಅಡ್ಡ ಇಟ್ಟು ಅದುಮಿದ. ಅವು ಗಟ್ಟಿ ಮರದವು, ಬಗ್ಗಲೂ ಇಲ್ಲ. ಅದರಿಂದ ಅವನ ಸಿಟ್ಟು ಇನ್ನಷ್ಟು ಏರಿತು. ಒಲೆಯ ಮುಂದೆ ಮುದ್ದೆ ತಿರುವುತ್ತಿದ್ದ ಹೊನ್ನಕ್ಕ ತಿರುಗಿ ನೋಡದೆಯೇ ಹೇಳಿದಳು.

"ಕಡ್ಡಿ ಮುರಿಯೋಕಾಗ್ದಿದ್ರೆ ಮಂಡಿ ಮುರ್ಕೋಬ್ಯಾಡ. ನಾಳೆ ಗೌಡ್ರ ಗದ್ದೆಗೆ ಓಗ್ಬೇಕು."

"ನೀ ಸುಮ್ಕಿರಮ್ಮಿ. ಲೇ ಚೆನ್ನ, ನಿಜ ಹೇಳು. ನಿಮ್ಮ ಕಿಲಾಸಲ್ಲಿ ಎಷ್ಟೊಂದು ಉಡುಗರವರೆ. ಅಷ್ಟು ಜನದಾಗೆ ನಿನ್ನನ್ನೇ ಯಾಕೆ ಆರಿಸಿದ್ರು ಆ ಡ್ರಿಲ್ ಮೇಷ್ಟ್ರು?"

ಚೆನ್ನಯ್ಯ ತಲೆ ತಗ್ಗಿಸಿ ನಿಂತ. ಅರಕಲಗೂಡಿನ ಹೈಸ್ಕೂಲಿನಲ್ಲಿ ಓದುತ್ತ, ಅಲ್ಲೇ ಹಾಸ್ಟೆಲಿನಲ್ಲಿದ್ದು, ಶನಿವಾರ ಮಧ್ಯಾಹ್ನ ನಡೆದು ಮನೆಗೆ ಬರುತ್ತಿದ್ದ ಹುಡುಗ. ಮೀಸೆಯ ಜಾಗದಲ್ಲಿ ಈಗಷ್ಟೇ ಕಪ್ಪು ಕಾಣಿಸುತ್ತಿತ್ತು. ಸುಳ್ಳು ಹೇಳಲು ಬರುತ್ತಿರಲಿಲ್ಲ.

"ನಿನ್ನ ಕೈಗೆ ಬೇಗ ಹತ್ತುತ್ತೆ ಕಣೋ, ನಿಮ್ಮೋರಿಗೆ ಅದು ಹುಟ್ಟಿನಿಂದಲೇ ಇರುತ್ತೆ, ಅಂದ್ರು."

"ನೋಡ್ದಾ!" ದ್ಯಾವಯ್ಯ ಗೋಡೆಗೆ ಗುದ್ದಿದ. ಮಣ್ಣು ಉದುರಿತು. "ನೋಡ್ದೇನಮ್ಮಿ? ಇಂಗ್ಲೀಷು ಓದಿದ ಮೇಷ್ಟ್ರೂ ಅಷ್ಟೇ, ನಮ್ಮ ನಂಜಪ್ಪ ಗೌಡ್ರೂ ಅಷ್ಟೇ. ಮುಖ ನೋಡ್ತಿದ್ದಂಗೆ ಕೈಗೆ ಕಡ್ಡಿ ಕೊಡ್ತಾರೆ."

"ಅವ್ರು ಕೆಟ್ಟದ್ದಾಗಿ ಅನ್ಲಿಲ್ಲ ಅಪ್ಪ. ಇದು ತಮಟೆ ಅಲ್ಲ, ಬ್ಯಾಂಡು. ಕಾಕಿ ಚಡ್ಡಿ, ಬಿಳೀ ಬೂಟು, ಬೆಲ್ಟು ಎಲ್ಲ ಕೊಡ್ತಾರೆ. ಎಲ್ರಿಗಿಂತ ಮುಂದೆ ಡ್ರಮ್ಮು. ನಾನು ಬಾರಿಸಿದಂಗೆ ಹಿಂದಿನೋರು ಕಾಲು ಹಾಕ್ಬೇಕು. ಗೌಡ್ರ ಮಗ ಪುಟ್ಟರಾಜನೂ ಹಾಕ್ಬೇಕು. ರುದ್ರಪಟ್ಟಣದಾಗೆ ಮೃದಂಗ ಬಾರಿಸೋರಿಗೆ ಶಾಲು ಹೊದಿಸಲ್ವಾ? ಅದೇನು ಚರ್ಮ ಅಲ್ವಾ?"

"ಅವ್ರಿಗೆ ಶಾಲು ಒದಿಸ್ತಾರೆ ಕಣೋ. ನನಗೆ ಎಣದ ಮೇಲಿಂದ ಎತ್ತಿ ಬಟ್ಟೆ ಕೊಡ್ತಾರೆ."

ದ್ಯಾವಯ್ಯ ಕಡ್ಡಿಗಳನ್ನು ಬಾಗಿಲಾಚೆ ಎಸೆದು ತಾನೂ ಹೊರಗೆ ಹೋದ. ಅವನು ಆ ಕಡೆ ಹೋದದ್ದೇ ಹೊನ್ನಕ್ಕ ಎದ್ದು, ಕೆಸರಲ್ಲಿ ಬಿದ್ದ ಕಡ್ಡಿಗಳನ್ನು ಸೆರಗಿನಲ್ಲಿ ಒರೆಸಿ ಸೂರಿನ ಹುಲ್ಲಿಗೆ ಸಿಕ್ಕಿಸಿದಳು. ಮಗನಿಗೆ "ಮುದ್ದೆ ಉಣ್ಣು" ಎಂದಳು, ಅಷ್ಟೇ.

ದ್ಯಾವಯ್ಯನ ಸಿಟ್ಟಿಗೆ ಕಾರಣವಿತ್ತು. ಅವರ ಊರು ಅರಕಲಗೂಡಿನಿಂದ ರುದ್ರಪಟ್ಟಣದ ಕಡೆಗೆ ಹೋಗುವ ದಾರಿಯಲ್ಲಿ, ಹೊಳೆಯ ಈಚೆ ಇತ್ತು. ಅಲ್ಲಿ ಯಾರು ಸತ್ತರೂ ದ್ಯಾವಯ್ಯನೇ ತಮಟೆ ತೆಗೆದುಕೊಂಡು ಹೋಗಬೇಕು. ಸತ್ತವರ ಮನೆಯವರು ಹೇಳಿದ್ದಕ್ಕೆ ಇಲ್ಲ ಅನ್ನುವ ಹಾಗಿಲ್ಲ. ಹೆಣ ಎತ್ತಿದ ಮೇಲೆ ಮಣ್ಣಿಗೆ ಇಳಿಯುವ ತನಕ ತಮಟೆ ನಿಲ್ಲಬಾರದು; ನಿಂತರೆ ಸತ್ತವರು ದಾರಿ ತಪ್ಪುತ್ತಾರೆ ಅನ್ನುವುದು ಅಲ್ಲಿಯ ನಂಬಿಕೆ. ಜ್ವರ ಬಂದರೂ ಬಾರಿಸಬೇಕು, ಮಳೆ ಸುರಿದರೂ ಬಾರಿಸಬೇಕು. ಅವನ ಅಪ್ಪ ಬಾರಿಸಿದ್ದ, ಅಪ್ಪನ ಅಪ್ಪ ಬಾರಿಸಿದ್ದ. ಇದು ತನಗೇ ಕೊನೆಯಾಗಲಿ ಎಂದು ದ್ಯಾವಯ್ಯ ತೀರ್ಮಾನಿಸಿಬಿಟ್ಟಿದ್ದ. ಚೆನ್ನಯ್ಯ ಚಿಕ್ಕವನಿದ್ದಾಗ ಒಮ್ಮೆ ಮೊರ ತಿರುಗಿಸಿಟ್ಟುಕೊಂಡು ಬಡಿದ ಎಂದು ಬಾಸುಂಡೆ ಬರುವ ಹಾಗೆ ಹೊಡೆದಿದ್ದ. ಶಾಲೆಗೆ ಸೇರಿಸುವಾಗ, ಹೆಣದ ಬಟ್ಟೆಯಲ್ಲಿ ಅಂಗಿ ಹೊಲಿಸೋಣ ಎಂದ ಹೊನ್ನಕ್ಕನ ಮೇಲೆ ರೇಗಿ, ಕೋಳಿಗಳನ್ನು ಮಾರಿ ಹೊಸ ಬಟ್ಟೆ ತಂದಿದ್ದ. ಮಗನ ಮೈ ಮೇಲೆ ಸತ್ತವರ ನೂಲಿನ ಎಳೆಯೂ ಇರಬಾರದು, ಕೈಗೆ ತೊಗಲೂ ತಗುಲಬಾರದು. ಇದೊಂದು ಆಸೆ ಬಿಟ್ಟು ಅವನಿಗೆ ಬೇರೇನೂ ಇರಲಿಲ್ಲ.

ಹಾಗಾಗಿ ಎರಡು ವಾರ ಅಪ್ಪ ಮಗ ಮಾತಾಡಲಿಲ್ಲ.

ಮೂರನೆಯ ವಾರ ನಂಜಪ್ಪ ಗೌಡರ ಹೊಗೆಸೊಪ್ಪಿನ ಗಾಡಿಯ ಜೊತೆ ದ್ಯಾವಯ್ಯ ಅರಕಲಗೂಡಿನ ಸಂತೆಗೆ ಹೋದ. ಸೊಪ್ಪು ಇಳಿಸಿ ಮುಗಿದ ಮೇಲೆ, ಎತ್ತಿಗೆ ನೀರು ತೋರಿಸಿ ಬರುತ್ತೇನೆ ಎಂದು ಹೇಳಿ ಹೈಸ್ಕೂಲಿನ ಕಡೆ ನಡೆದ. ಎತ್ತುಗಳನ್ನು ಮರಕ್ಕೆ ಕಟ್ಟಿಯೇ ಹೋಗಿದ್ದ.

ಶಾಲೆಯ ಮೈದಾನಕ್ಕೆ ಕಳ್ಳಿ ಬೇಲಿ. ಒಳಗೆ ಹುಡುಗರು ನಾಲ್ಕು ಸಾಲು ನಿಂತಿದ್ದರು. ಡ್ರಿಲ್ ಮೇಷ್ಟ್ರು ರಂಗಸ್ವಾಮಿ ಸೈನ್ಯದ ಪಟಾಲಮ್ಮಿನಲ್ಲಿದ್ದು ಬಂದವರು; ಅವರ ಗಂಟಲು ಸಂತೆಯ ತನಕ ಕೇಳುತ್ತಿತ್ತು. ಸಾಲಿನ ಮುಂದೆ ಒಬ್ಬನೇ ಚೆನ್ನಯ್ಯ. ಬಲ ಹೆಗಲಿನಿಂದ ಪಟ್ಟಿ ಇಳಿದು, ಎಡ ತೊಡೆಯ ಮೇಲೆ ಡ್ರಮ್ಮು ಓರೆಯಾಗಿ ಕೂತಿತ್ತು. ಹೊಳೆಯುವ ಹಿತ್ತಾಳೆ, ಸುತ್ತ ಬಿಳಿ ಹಗ್ಗ.

"ಲೋ ಚೆನ್ನಯ್ಯ, ಯಾರ ಮದುವೆ ದಿಬ್ಬಣಾನೋ ಇದು? ಒನಪು ಬಿಡು! ಲೆಫ್ಟ್, ರೈಟ್, ಲೆಫ್ಟ್, ರೈಟ್. ಗಡಿಯಾರದ ಹಾಗೆ ಬೀಳಬೇಕು!"

ಮೇಷ್ಟ್ರು ಬೈದದ್ದು ಸರಿಯೇ ಇತ್ತು. ಹುಡುಗನ ಕೈ ಸಮನಾಗಿ ಬೀಳುತ್ತಿರಲಿಲ್ಲ. ಎರಡು ಪೆಟ್ಟು ನೆಟ್ಟಗೆ ಬೀಳುತ್ತಿತ್ತು, ಮೂರನೆಯದು ತಾನೇ ತಾನಾಗಿ ಜಾರಿ ಮಾರಿಹಬ್ಬದ ಕುಣಿತಕ್ಕೆ ಹೊರಟುಬಿಡುತ್ತಿತ್ತು. ಹಿಂದಿನ ಸಾಲಿನವರ ಕಾಲು ತೊಡರುತ್ತಿತ್ತು. ನಡೆಯುವಾಗ ಡ್ರಮ್ಮಿನ ಅಂಚು ಮಂಡಿಗೆ ಬಡಿದು ಹುಡುಗ ಕುಂಟುತ್ತಿದ್ದ. ಮೇಷ್ಟ್ರು ಬೆರಳ ಗಿಣ್ಣಿಗೆ ಬೆತ್ತದಲ್ಲಿ ಕೊಟ್ಟರು. ಮತ್ತೆ ಮೊದಲಿನಿಂದ. ಬೇಲಿಯಾಚೆ ದ್ಯಾವಯ್ಯ ತನ್ನ ಬೆರಳುಗಳನ್ನು ಮುಚ್ಚಿಕೊಂಡ.

ಆಮೇಲೆ ಒಂದು ಸುತ್ತು ಸರಿಯಾಗಿ ಬಂತು. ಹೇಗೆ ಬಂತೋ, ಹುಡುಗ ಹಲ್ಲು ಕಚ್ಚಿದ್ದ, ಕಣ್ಣು ಎದುರಿನ ಗೋಡೆಯ ಮೇಲಿತ್ತು. ಅವನ ಎಡ ಪೆಟ್ಟಿಗೆ ನಾಲ್ಕೂ ಸಾಲಿನ ಎಡಗಾಲು ಮಣ್ಣಿಗೆ ಬಿತ್ತು. ಬಲ ಪೆಟ್ಟಿಗೆ ಬಲಗಾಲು. ಮೂರನೆಯ ಸಾಲಿನಲ್ಲಿ ಪುಟ್ಟರಾಜು ಇದ್ದ. ನಂಜಪ್ಪ ಗೌಡರ ಮಗ, ತನ್ನನ್ನು ಹುಟ್ಟಿದಂದಿನಿಂದ "ಲೇ ದ್ಯಾವ" ಅನ್ನುವವನು, ದ್ಯಾವನ ಮಗನ ಕೈ ನೋಡಿಕೊಂಡು ಕಾಲು ಎತ್ತಿ ಇಡುತ್ತಿದ್ದ. ಮಗ ಮುಂದೆ, ಊರು ಹಿಂದೆ. ತಾನೂ ಎಷ್ಟೋ ಸಲ ಊರಿನ ಮುಂದೆ ಬಾರಿಸುತ್ತ ನಡೆದಿದ್ದಾನೆ. ಆದರೆ ಆಗ ಹಿಂದೆ ಬರುವವರು ಅವನನ್ನು ನೋಡುತ್ತಿರಲಿಲ್ಲ.

ದ್ಯಾವಯ್ಯ ಸಂತೆಗೆ ವಾಪಸು ಬಂದಾಗ ಗಾಡಿಯವನು, "ನೀರು ಕುಡಿಸೋಕೆ ಓದೋನು ಎತ್ತು ಬಿಟ್ಟು ಓಗಿದ್ಯಲ್ಲೋ" ಎಂದು ನಕ್ಕ. ದ್ಯಾವಯ್ಯನೂ ನಕ್ಕುಬಿಟ್ಟ. ಅವನು ಹಾಗೆ ನಕ್ಕದ್ದನ್ನು ಗಾಡಿಯವನು ಎಂದೂ ನೋಡಿರಲಿಲ್ಲ.

ಆ ಶನಿವಾರ ಚೆನ್ನಯ್ಯ ಬಂದಾಗ ಬೆರಳುಗಳ ಸಂದಿಯಲ್ಲಿ ಬೊಬ್ಬೆ ಎದ್ದಿತ್ತು. ಹೊನ್ನಕ್ಕ ಹರಳೆಣ್ಣೆ ಹಚ್ಚುತ್ತಿದ್ದಳು. ದ್ಯಾವಯ್ಯ ಸೂರಿಗೆ ಕೈ ಹಾಕಿ ಕಡ್ಡಿಗಳನ್ನು ಎಳೆದು ಮಗನ ಮುಂದೆ ಇಟ್ಟ.

"ಅವು ಅಲ್ಲಿ ಅವೆ ಅಂತ ನಿನಗೆ ಯಾರು ಏಳಿದ್ರು?" ಎಂದಳು ಹೊನ್ನಕ್ಕ.

"ನನ್ನ ಮನೆ ಸೂರು ನನಗೆ ಗೊತ್ತಿಲ್ವಾ? ಲೇ, ಮಣೆ ತಗಂಡು ಬಾ. ಎಡಗೈಯಾಗೆ ಕಡ್ಡೀನ ಒನಕೆ ಹಿಡ್ದಂಗೆ ಹಿಡೀತೀಯ. ಅದಕ್ಕೇ ಬೊಬ್ಬೆ."

ಚೆನ್ನಯ್ಯ ತಲೆ ಎತ್ತಿದ. "ನಿಂಗೆಂಗೆ ಗೊತ್ತು?"

"ಗೊತ್ತು ಬಿಡು."

ಹೊನ್ನಕ್ಕ ಅತ್ತ ತಿರುಗಿ ನಕ್ಕಳು.

ದ್ಯಾವಯ್ಯ ಕಡ್ಡಿಯನ್ನು ತಾನು ಮುಟ್ಟಲಿಲ್ಲ. ಬರೀ ಗಾಳಿಯಲ್ಲಿ ಕೈ ಆಡಿಸಿ ತೋರಿಸಿದ. ತಮಟೆಗೆ ಬಲಗೈಯಲ್ಲಿ ದಪ್ಪ ಕೋಲು, ಎಡಗೈಯಲ್ಲಿ ತೆಳುವಾದ ಉದ್ದ ಕಡ್ಡಿ. ಆ ತೆಳು ಕಡ್ಡಿಯನ್ನು ಮುಷ್ಟಿಯಲ್ಲಿ ಹಿಡಿಯುವುದಿಲ್ಲ, ಬೆರಳ ಮೇಲೆ ಮಲಗಿಸುತ್ತಾರೆ. "ಹಕ್ಕಿ ಮರಿ ಕೂರಿಸ್ಕಂಡಂಗೆ. ಬಿಗಿ ಹಿಡಿದ್ರೆ ಸಾಯ್ತದೆ, ಬಿಟ್ರೆ ಆರೋಯ್ತದೆ." ಹುಡುಗ ಹಾಗೇ ಹಿಡಿದ. ಮಣೆಯ ಮೇಲೆ ಬಾರಿಸಿದ. ಎಡಗೈ ಎರಡು, ಬಲಗೈ ಎರಡು, ಎಡಗೈ ಎರಡು, ಬಲಗೈ ಎರಡು. ಬೇಗ ಬೇಗ ಹೊಡೆದರೆ ಕಾಳು ಸುರಿದ ಹಾಗೆ ಒಂದೇ ಸದ್ದಾಗಬೇಕಂತೆ. ಮೇಷ್ಟ್ರು ಅದಕ್ಕೆ ರೋಲ್ ಅನ್ನುತ್ತಾರಂತೆ. ಹುಡುಗನದು ಕಾಳು ಸುರಿಯಲಿಲ್ಲ, ಕಲ್ಲು ಉರುಳಿತು. ಎಡಗೈ ಹಿಂದೆ ಬೀಳುತ್ತಿತ್ತು. ಮತ್ತೆ ಹೊಡೆದ. ಮತ್ತೆ ಕಲ್ಲು.

"ನಿಧಾನಕ್ಕೆ ಕಣ್ಲಾ. ನಿಮ್ಮವ್ವ ಮೊರದಾಗೆ ರಾಗಿ ಕೇರ್ತಾಳಲ್ಲ, ಅದನ್ನ ನೆನೆಸ್ಕೊ."

"ಮೊರ ಬಡಿದ್ರೆ ಹೊಡೀತೀಯಲ್ಲಪ್ಪ ನೀನು."

ದ್ಯಾವಯ್ಯ ಮಗನ ತಲೆಗೆ ಮೊಟಕಿದ. ಮೂವರೂ ನಕ್ಕರು. ಆ ಮಳೆಗಾಲದ ಶನಿವಾರಗಳೆಲ್ಲ ಹಾಗೇ ಹೋದವು. ಮಣೆಯಲ್ಲಿ ಎರಡು ಗುಳಿ ಬಿದ್ದವು. ಒಂದು ಸಂಜೆ ಕಲ್ಲು ಉರುಳುವುದು ನಿಂತು ಕಾಳು ಸುರಿಯಿತು, ಸಣ್ಣಗೆ, ಎಡೆಬಿಡದೆ. ಹುಡುಗ ಹೆದರಿದವನ ಹಾಗೆ ಕೈ ನಿಲ್ಲಿಸಿ ಅಪ್ಪನ ಮುಖ ನೋಡಿದ. ದ್ಯಾವಯ್ಯ ಎದ್ದು ಹೋಗಿ ಎಮ್ಮೆಗೆ ಹುಲ್ಲು ಹಾಕಿದ. ಆಗಷ್ಟೇ ಹಾಕಿದ್ದ ಹುಲ್ಲಿನ ಮೇಲೆ ಮತ್ತೆ ಹಾಕಿದ.

ಇಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಸಂತೋಷವನ್ನು ಬಚ್ಚಿಟ್ಟುಕೊಳ್ಳುವ ಅಭ್ಯಾಸ ದ್ಯಾವಯ್ಯನಿಗೆ ಇರಲಿಲ್ಲ. ಬಚ್ಚಿಡುವಷ್ಟು ಸಂತೋಷ ಅವನಿಗೆ ಎಂದೂ ಬಂದಿರಲಿಲ್ಲ. ಗೌಡರ ಕೊಟ್ಟಿಗೆಯಲ್ಲಿ ಗೊಬ್ಬರ ತುಂಬುವಾಗ, ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದ ನಂಜಪ್ಪ ಗೌಡರು, "ಏನೋ ದ್ಯಾವ, ಬಾಳ ಗೆಲುವಾಗಿದ್ದೀಯ?" ಎಂದು ಕೇಳಿದರು. ಕೇಳಿದ್ದೇ ತಡ, ಎಲ್ಲವೂ ಹೊರಗೆ ಬಂತು.

"ನಮ್ಮ ಉಡುಗ ಇಂಗ್ಲೀಷ್ ತಮಟೆ ಕಲ್ತವ್ನೆ ಬುದ್ಧಿ. ಆಗಸ್ಟ್ ಅದಿನೈದಕ್ಕೆ ಬಾವುಟ ಆರಿಸೋವಾಗ ಅವನೇ ಮುಂದೆ. ಆಮೇಕೆ ಆಸನ ಪ್ಯಾಟೆಗೆ ಓಗ್ತಾರಂತೆ. ಒಳೆನರಸೀಪುರದೋರು, ಚನ್ನರಾಯಪಟ್ಟಣದೋರು ಎಲ್ಲ ಬತ್ತಾರಂತೆ, ಪಂದ್ಯ. ಇವನು ಬಾರಿಸ್ದಂಗೆ ಎಲ್ರೂ ಕಾಲು ಹಾಕ್ಬೇಕು."

"ನಮ್ಮ ಪುಟ್ಟರಾಜನೂವಾ?"

"ಊ ಬುದ್ಧಿ, ಅವ್ರೂವೆ."

ಬಾಯಿಂದ ಬಿದ್ದ ಮೇಲೆ ದ್ಯಾವಯ್ಯ ನಾಲಿಗೆ ಕಚ್ಚಿಕೊಂಡ. ಗೌಡರು ಸಿಟ್ಟಾಗಲಿಲ್ಲ. ತುಪುಕ್ಕನೆ ಉಗುಳಿ ದೊಡ್ಡದಾಗಿ ನಕ್ಕರು. "ಭಲೇ! ಆ ನನ್ಮಗನಿಗೆ ನಡಿಯೋಕೇ ಬರಲ್ಲ, ನಿನ್ನ ಮಗನಾದ್ರೂ ನಡೆಸಲಿ ಬಿಡು. ನಮಗೂ ಒಂದು ಸಲ ಕೇಳಿಸೋ."

"ಆಯ್ತು ಬುದ್ಧಿ" ಎಂದ ದ್ಯಾವಯ್ಯ.

ಬಾವುಟದ ಹಬ್ಬದ ಹಿಂದಿನ ಶನಿವಾರ ಚೆನ್ನಯ್ಯ ಡ್ರಮ್ಮನ್ನೇ ಮನೆಗೆ ತಂದ. ಎರಡು ದಿನ ಮನೆಯಲ್ಲೂ ಅಭ್ಯಾಸ ಮಾಡು ಎಂದು ಮೇಷ್ಟ್ರೇ ಕೊಟ್ಟಿದ್ದರು. ಸೋನೆ ಹಿಡಿದಿತ್ತು. ತನ್ನ ಅಂಗಿ ಬಿಚ್ಚಿ ಡ್ರಮ್ಮಿಗೆ ಸುತ್ತಿ, ಬರಿ ಮೈಯಲ್ಲಿ ನೆನೆಯುತ್ತ ಬಂದಿದ್ದ. ಕೇರಿಯ ಹೆಂಗಸರು ಮಕ್ಕಳೆಲ್ಲ ಅಂಗಳದಲ್ಲಿ ನೆರೆದರು. ಮಲ್ಲಿಗಮ್ಮಜ್ಜಿ ಹಿತ್ತಾಳೆಯಲ್ಲಿ ತನ್ನ ಮುಖ ನೋಡಿಕೊಂಡು, "ಇದು ಕನ್ನಡೀನೋ ತಮಟೇನೋ" ಎಂದಳು. ಚೆನ್ನಯ್ಯ ನೆಟ್ಟಗೆ ನಿಂತು ಬಾರಿಸಿದ. ಆ ಸದ್ದು ತಮಟೆಯಂತೆ ಎದೆಗೆ ಗುದ್ದುತ್ತಿರಲಿಲ್ಲ. ಕಿವಿಯ ಹತ್ತಿರ ಚುರುಕಾಗಿ ಓಡುತ್ತಿತ್ತು. ಮಕ್ಕಳು ತಾವಾಗಿಯೇ ಸಾಲು ನಿಂತು ಕಾಲು ಎತ್ತಿ ಹಾಕತೊಡಗಿದವು. ದ್ಯಾವಯ್ಯ ಡ್ರಮ್ಮನ್ನು ಮುಟ್ಟಲಿಲ್ಲ. ಸುತ್ತ ತಿರುಗಿ ನೋಡಿದ. ಸುತ್ತಿದ ಬಿಳಿ ಹಗ್ಗ ಯಾಕೆ ಎಂದು ಕೇಳಲೂ ಇಲ್ಲ, ಚಂದಕ್ಕೆ ಸುತ್ತಿದ್ದಾರೆ ಅಂದುಕೊಂಡ.

ಬೆಳಗಾಗುವಾಗ ಗೌಡರ ಮನೆಯಿಂದ ಆಳು ಬಂದ. ಗೌಡರ ತಾಯಿ ತೀರಿಕೊಂಡಿದ್ದರು.

ದ್ಯಾವಯ್ಯ ತಮಟೆ ಹೆಗಲಿಗೆ ಹಾಕಿಕೊಂಡು ಹೋದ. ಅಂಗಳದ ಮೂಲೆಯಲ್ಲಿ ತಮಟೆ ಕಾಯಿಸಲು ಹುಲ್ಲಿಗೆ ಬೆಂಕಿ ಹಾಕಿಟ್ಟಿದ್ದರು. ನಂಜಪ್ಪ ಗೌಡರು ತಾವೇ ಹತ್ತಿರ ಬಂದರು. ಕಣ್ಣು ಕೆಂಪಾಗಿತ್ತು.

"ದ್ಯಾವ, ನಿನ್ನೆ ಸಂಜೆ ನಿನ್ನ ಮಗ ಬಾರಿಸಿದ್ದು ಇಲ್ಲೀ ತನಕ ಕೇಳ್ತು ಕಣೋ. ಅವ್ವ ಮಲಗಿದ್ದಲ್ಲೇ, 'ಅದೇನಪ್ಪ ಸದ್ದು, ಚೆನ್ನಾಗದೆ' ಅಂತು. ಅದೇ ಕೊನೆ ಮಾತು. ಹುಡುಗನ್ನ ಕರಕೊಂಡು ಬಾ. ಅವನು ಮುಂದೆ ಬಾರಿಸ್ಲಿ. ಅವ್ವ ಜೋರಾಗಿ ಹೋಗ್ಲಿ."

ಗೌಡರು ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ. ಬೈದು ಹೇಳಿದ್ದರೆ ದ್ಯಾವಯ್ಯನಿಗೆ ಒಂದು ದಾರಿ ಇರುತ್ತಿತ್ತೇನೋ. ಅವರು ಅಳುತ್ತ ಹೇಳಿದರು. ಅವರಿಗೆ ಅದು ಮರ್ಯಾದೆ. ದ್ಯಾವಯ್ಯನ ಬಾಯಿ ತಲೆಗಿಂತ ಮೊದಲು ತೆರೆಯಿತು.

"ಆಯ್ತು ಬುದ್ಧಿ."

ಕೇರಿಯ ಕಡೆ ತಿರುಗಿ ನಡೆಯುವಾಗ ತಾನು ಏನು ಹೇಳಿಬಿಟ್ಟೆ ಎಂಬುದು ಅವನಿಗೆ ತಿಳಿಯಿತು. ವಾಪಸು ಹೋಗಿ ಆಗಲ್ಲ ಅನ್ನಬಹುದಿತ್ತು. ಸತ್ತವರ ಮನೆ ಬಾಗಿಲಲ್ಲಿ ನಿಂತು ಆಗಲ್ಲ ಅಂದವರು ಆ ಕೇರಿಯಲ್ಲಿ ಯಾರೂ ಇರಲಿಲ್ಲ. ಆ ಮಾತು ಹೇಗೆ ಆಡಬೇಕು ಎಂಬುದೇ ಅವನಿಗೆ ಗೊತ್ತಿರಲಿಲ್ಲ.

ಚೆನ್ನಯ್ಯ ಕೆಂಡ ತುಂಬಿದ ಚೊಂಬಿನಲ್ಲಿ ಕಾಕಿ ಚಡ್ಡಿಗೆ ಇಸ್ತ್ರಿ ಉಜ್ಜುತ್ತಿದ್ದ. ಅಪ್ಪ ಹೇಳಿದ್ದನ್ನು ಕೇಳಿ ಚೊಂಬು ಕೆಳಗಿಟ್ಟ.

"ಏನು ಅಂದೆ?"

"ಬಾ ಅಂದೆ ಮಗ. ಒಂದು ಗಳಿಗೆ. ಬಾರಿಸ್ಬುಟ್ಟು ಬಂದ್ಬುಡು."

"ಹೆಣದ ಮುಂದೆ?"

"ಒಪ್ಕಂಡು ಬಂದ್ಬುಟ್ಟಿದ್ದೀನಿ ಕಣೋ."

"ಯಾರನ್ನ ಕೇಳಿ ಒಪ್ಕಂಡೆ? ಆ ಕಡ್ಡಿ ಕಂಡ್ರೆ ಮುರೀತೀನಿ ಅಂದೋನು ನೀನು! ಪುಟ್ಟರಾಜ ಅಲ್ಲೇ ಇರ್ತಾನೆ. ನಾಳೆ ಅವನು ನನ್ನ ಹಿಂದೆ ನಡೀಬೇಕು ಅಪ್ಪ. ಹೆಣದ ಮುಂದೆ ಬಾರಿಸಿದೋನ ಹಿಂದೆ ಯಾರು ನಡೀತಾರೆ? ಇಸ್ಕೂಲಿಗೆಲ್ಲ ಗೊತ್ತಾಗ್ತದೆ. ಇಷ್ಟು ದಿನ ನಾನು ಡ್ರಮ್ಮರ್ ಚೆನ್ನಯ್ಯ. ನಾಳೆಯಿಂದ ನಾನು ಏನು? ಹೇಳು, ಏನು?"

"ನನ್ನಂಗೆ ಆಯ್ತೀಯ, ಅದಕ್ಕೇನ್ಲಾ ನಾಚಿಕೆ?" ದ್ಯಾವಯ್ಯ ಕಿರುಚಿದ. ಅವನು ಹೇಳಬೇಕು ಅಂದುಕೊಂಡದ್ದು ಅದಲ್ಲ. ಆದರೆ ಸಿಟ್ಟು ಬಂದಾಗ ಅವನ ಬಾಯಿಗೆ ಸಿಗುತ್ತಿದ್ದದ್ದು ಅವನು ಹುಡುಕಿದ ಮಾತಲ್ಲ. "ನಾನು ಬಾರಿಸಿ ತಂದ ಕೂಳು ತಿಂದಲ್ವಾ ನೀನು ಈ ಎತ್ತರ ಬೆಳ್ದಿದ್ದು?"

"ತಿಂದೆ. ಬರಲ್ಲ ನಾನು."

"ನನ್ನ ಮಾತು ಉಳಿಸ್ದಿದ್ರೆ ಈ ವಸ್ಲು ತುಳೀಬ್ಯಾಡ!"

"ಬಾಯಿ ಮುಚ್ಚು ಮೂದೇವಿ!" ಎಂದು ಹೊನ್ನಕ್ಕ ಗಂಡನ ಮೇಲೆ ಎಗರಿದಳು. ಅಷ್ಟರಲ್ಲಿ ಚೆನ್ನಯ್ಯ ಹೊರಗೆ ಹೋಗಿದ್ದ. ಹೊಳೆಯ ಕಡೆ ಹೋದ ಎಂದು ಯಾರೋ ಮಕ್ಕಳು ಕೂಗಿದರು. ಅವನ ಹಿಂದೆ ಹೊನ್ನಕ್ಕ ಓಡಿದಳು.

ದ್ಯಾವಯ್ಯ ಒಬ್ಬನೇ ನಿಂತ. ಡ್ರಮ್ಮು ಗೋಡೆಗೆ ಒರಗಿತ್ತು. ಗೌಡರಿಗೆ ಕೊಟ್ಟ ಮಾತು ಒಂದು ಕಡೆ, ಮಗನ ಮುಖ ಒಂದು ಕಡೆ. ಆಗ ಅವನಿಗೆ ಒಂದು ದಾರಿ ಹೊಳೆಯಿತು. ಗೌಡರಿಗೆ ಬೇಕಾದದ್ದು ಆ ಸದ್ದು ತಾನೆ? ಹುಡುಗನಿಗೆ ಹುಷಾರಿಲ್ಲ ಅನ್ನುವುದು. ತಾನೇ ಬಾರಿಸುವುದು. ಮಗ ಬರುವಷ್ಟರಲ್ಲಿ ತಂದು ಅಲ್ಲೇ ಒರಗಿಸುವುದು. ಮಗನ ಮರ್ಯಾದೆಯೂ ಉಳಿಯುತ್ತದೆ, ತನ್ನ ಮಾತೂ ಉಳಿಯುತ್ತದೆ. ಅವನು ಡ್ರಮ್ಮನ್ನು ಎತ್ತಿಕೊಂಡ. ಮೊದಲ ಸಲ ಮುಟ್ಟಿದ್ದು ಅದೇ.

"ಎಲ್ಲೋ ಹುಡುಗ?" ಎಂದರು ಗೌಡರು.

"ಜ್ವರ ಬುದ್ಧಿ. ನಾನೇ ಬಾರಿಸ್ತೀನಿ."

"ಸರಿ, ಬೇಗ. ಎತ್ತೋ ಹೊತ್ತಾಯ್ತು."

ಪಟ್ಟಿ ಹೆಗಲಿಗೆ ಹಾಕಿ ಕಡ್ಡಿಯಲ್ಲಿ ಒಂದು ಪೆಟ್ಟು ಕೊಟ್ಟ. ದಬ್ ಅಂದಿತು, ಒದ್ದೆ ಗೋಣಿಗೆ ಬಡಿದ ಹಾಗೆ. ಸೋನೆಗೆ ಚರ್ಮ ಮೆತ್ತಗಾಗಿತ್ತು. ಇದಕ್ಕೆ ಮಾಡುವುದು ಏನು ಎಂದು ಅವನು ಯೋಚಿಸಲೇ ಇಲ್ಲ. ಕೈ ತಾನಾಗಿ ಮಾಡಿತು. ಹುಲ್ಲಿನ ಬೆಂಕಿಗೆ ಹತ್ತಿರ ಹೋಗಿ ಡ್ರಮ್ಮಿನ ಮುಖವನ್ನು ಉರಿಗೆ ಒಡ್ಡಿ ತಿರುಗಿಸಿದ. ತಮಟೆಯ ದಪ್ಪ ಚರ್ಮ ಬೆಂಕಿ ಕುಡಿದು ಬಿಗಿಯಾಗುತ್ತದೆ, ಬೆರಳಲ್ಲಿ ತಟ್ಟಿದರೆ ಗೊತ್ತಾಗುತ್ತದೆ. ಇದು ತೆಳು ಚರ್ಮ. ಬಿಳಿ ಹಗ್ಗ ಅದನ್ನು ಆಗಲೇ ಸುತ್ತಲಿಂದ ಜಗ್ಗಿ ಹಿಡಿದಿತ್ತು. ಅವನು ತಟ್ಟಿ ನೋಡಲು ಬೆರಳು ಎತ್ತುವಷ್ಟರಲ್ಲಿ ಟಪ್ ಎಂದು ಈ ಅಂಚಿನಿಂದ ಆ ಅಂಚಿಗೆ ಸೀಳಿತು. ಸೀಳಿದ ಚರ್ಮ ಎರಡು ಕಡೆಗೂ ಸುರುಟಿಕೊಂಡಿತು.

"ಅಯ್ಯೋ, ಅದು ಸ್ಕೂಲಿಂದು!" ಎಂದ ಜಗಲಿಯ ಮೇಲಿದ್ದ ಪುಟ್ಟರಾಜು.

ದ್ಯಾವಯ್ಯ ಸೀಳಿನ ಎರಡು ಅಂಚನ್ನು ಬೆರಳಿನಿಂದ ಎಳೆದು ಕೂಡಿಸಲು ನೋಡಿದ. ಅವು ಬಿಸಿಯಾಗಿದ್ದವು. ಬಿಟ್ಟರೆ ಮತ್ತೆ ಸುರುಟಿಕೊಳ್ಳುತ್ತಿದ್ದವು. ಬಿಡದೆ ಹಿಡಿದುಕೊಂಡೇ ಕೂತ.

"ಹೋಗ್ಲಿ ಬಿಡೋ" ಎಂದರು ಗೌಡರು. "ನಿನ್ನ ತಮಟೇನೇ ಬಾರಿಸು. ಎತ್ರಪ್ಪ, ಎತ್ರಿ."

ಎತ್ತಿದರು. ಎತ್ತಿದ ಮೇಲೆ ಕಾಯುವ ಹಾಗಿರಲಿಲ್ಲ. ದ್ಯಾವಯ್ಯ ಡ್ರಮ್ಮನ್ನು ಬೆಂಕಿಯಿಂದ ದೂರ, ಗೋಡೆಯ ಬದಿಗೆ ಇಟ್ಟು, ತಮಟೆ ಹೆಗಲಿಗೆ ಏರಿಸಿ ಮುಂದೆ ನಿಂತ. ಬಾರಿಸುತ್ತ ಹೊರಟ. ಮಣ್ಣು ಮಾಡಬೇಕಾದ ಗೌಡರ ಹೊಲ ಕೆರೆಯ ಆಚೆ. ಕೆರೆ ಏರಿಯ ಮೇಲೆ ಬಂದಾಗ ಎಡಗಡೆಗೆ ಗೌಡರ ಮನೆಯ ಅಂಗಳ, ಅದರಾಚೆ ಅರಕಲಗೂಡಿನ ದಾರಿ, ಎಲ್ಲ ಕಾಣುತ್ತಿತ್ತು.

ಮನೆಯಲ್ಲಿ ಡ್ರಮ್ಮು ಕಾಣದೆ ಹುಡುಕಿಕೊಂಡು ಬಂದನೋ ಏನೋ, ಚೆನ್ನಯ್ಯ ಆ ಅಂಗಳಕ್ಕೆ ಬಂದ. ಮಗನ ಭುಜ ದ್ಯಾವಯ್ಯನಿಗೆ ಅಷ್ಟು ದೂರದಿಂದಲೂ ಗೊತ್ತಾಯಿತು. ಗೋಡೆಯ ಬದಿಗೆ ಹೋಗಿ ಬಗ್ಗಿದ. ಬಗ್ಗಿದವನು ಬಹಳ ಹೊತ್ತು ಏಳಲಿಲ್ಲ. ಆಮೇಲೆ ಡ್ರಮ್ಮನ್ನು ಎತ್ತಿ ಎದೆಗೆ ಒತ್ತಿ ಹಿಡಿದು, ಏರಿಯ ಕಡೆ ತಿರುಗಿ ನಿಂತ.

ದ್ಯಾವಯ್ಯ ಬಾರಿಸುತ್ತಿದ್ದ. ಕೂಗಬೇಕು ಅಂದುಕೊಂಡ. ನಾನು ಕದ್ದು ತಂದದ್ದಲ್ಲ ಕಣೋ, ನಿನಗೋಸ್ಕರವೇ ತಂದದ್ದು, ಒಂದು ಗಳಿಗೆ ನಿಲ್ಲು, ಇದು ಮುಗಿಯಲಿ, ಇಬ್ಬರೂ ಹೋಗೋಣ, ಮೇಷ್ಟ್ರ ಕಾಲಿಗೆ ನಾನೇ ಬೀಳುತ್ತೇನೆ. ಕೂಗಿದ ಕೂಡ. "ಚೆನ್ನಾ!" ತಮಟೆಯ ಸದ್ದಿನಲ್ಲಿ ಅದು ಅವನ ಕಿವಿಗೇ ಕೇಳಲಿಲ್ಲ. ಕೈ ನಿಲ್ಲಿಸಿದರೆ ಕೇಳುತ್ತಿತ್ತು. ಹಿಂದೆ ಹೆಣ ಇತ್ತು, ಊರಿತ್ತು.

ಹೊನ್ನಕ್ಕ ಹೊಳೆಯ ಕಡೆಯಿಂದ ಏದುಸಿರು ಬಿಡುತ್ತ ಓಡಿ ಬರುತ್ತಿದ್ದಳು. ಅವಳು ಅಂಗಳ ಮುಟ್ಟುವ ಮೊದಲೇ ಹುಡುಗ ದಾರಿಗೆ ಇಳಿದಿದ್ದ. ಅವಳು ಅವನ ಹಿಂದೆ ಸ್ವಲ್ಪ ದೂರ ಹೋದಳು. ಕೈ ಚಾಚಿದ್ದು ಕಾಣಿಸಿತು. ಅವನು ನಿಂತು ಏನೋ ಹೇಳಿದ. ಅವಳು ಅಲ್ಲೇ ದಾರಿಯ ಮೇಲೆ ಕೂತುಬಿಟ್ಟಳು. ಅವನು ನಡೆದ. ಡ್ರಮ್ಮು ಎದೆಯ ಮೇಲೇ ಇತ್ತು, ಮಂಡಿಗೆ ಬಡಿಯುತ್ತಿರಲಿಲ್ಲ. ನೆಟ್ಟಗೆ, ಸಮನಾಗಿ ಹೆಜ್ಜೆ ಹಾಕುತ್ತಿದ್ದ.

ದ್ಯಾವಯ್ಯನ ಎಡಗೈಯ ತೆಳು ಕಡ್ಡಿ ಒಂದು ಪೆಟ್ಟು ತಪ್ಪಿತು.

"ಬಾರಿಸೋ ದ್ಯಾವ, ಜೋರಾಗಿ ಬಾರಿಸು" ಎಂದರು ಹಿಂದಿನಿಂದ ನಂಜಪ್ಪ ಗೌಡರು.

"ಆಯ್ತು ಬುದ್ಧಿ" ಎಂದ ದ್ಯಾವಯ್ಯ. ಜೋರಾಗಿ ಬಾರಿಸಿದ.

ಮಣ್ಣು ಮುಚ್ಚಿ ಮುಗಿಯುವಾಗ ಮಧ್ಯಾಹ್ನವಾಗಿತ್ತು. ಕೊಟ್ಟ ಬಟ್ಟೆಯನ್ನು ಅಲ್ಲೇ ಬಿಟ್ಟು, ತಮಟೆಯನ್ನೂ ಬಿಟ್ಟು, ದ್ಯಾವಯ್ಯ ಅರಕಲಗೂಡಿನ ತನಕ ಓಡಿದ. ಹೈಸ್ಕೂಲಿನ ಜಗಲಿಯ ಮೇಲೆ ಡ್ರಮ್ಮು ಇತ್ತು. ಸೀಳನ್ನು ಮುಚ್ಚಿ ಮೇಲೆ ಮಗನ ಅಂಗಿ ಹೊದಿಸಿತ್ತು, ಅದರ ಮೇಲೆ ಎರಡು ಕಡ್ಡಿ. ರಂಗಸ್ವಾಮಿ ಮೇಷ್ಟ್ರು ಅದರ ಪಕ್ಕ ಕೂತಿದ್ದರು.

"ನಾನೇ ಒಡೆದೆ ಸಾರ್ ಅಂದ. ಬೆತ್ತ ತಗೊಳ್ಳೋಕೆ ಒಳಗೆ ಹೋದೆ ಕಣಯ್ಯ. ಬರೋ ಹೊತ್ತಿಗೆ ಇರಲಿಲ್ಲ."

ಹಾಸ್ಟೆಲಿನಲ್ಲಿ ಇರಲಿಲ್ಲ. ಬಸ್ಸಿನ ಹತ್ತಿರ ಇರಲಿಲ್ಲ. ಹೊಳೆನರಸೀಪುರದ ದಾರಿಯಲ್ಲಿ ಅಂಗಿ ಇಲ್ಲದ ಹುಡುಗನೊಬ್ಬ ಮಳೆಯಲ್ಲಿ ನಡೆದು ಹೋಗುತ್ತಿದ್ದ ಎಂದು ಗಾಡಿಯವನೊಬ್ಬ ಹೇಳಿದ. ದ್ಯಾವಯ್ಯ ಆ ದಾರಿಯಲ್ಲೂ ಹೋದ. ಚೆನ್ನಯ್ಯ ಅವತ್ತೂ ಸಿಗಲಿಲ್ಲ, ಆಮೇಲೂ ಬರಲಿಲ್ಲ.